ಹಳೆಯ ಬೀಟಲ್ ಕಾರಿನ ಬಡಿತ

ನಮ್ಮ ವ್ಯಾಕರಣ ಪುಸ್ತಕಗಳಲ್ಲಿ ಅವ್ಯಯಗಳ ಮಾತು ಬಂದಾಗ ಅನುಕರಣಾವ್ಯಯ ಎಂಬುದೊಂದು ಸಣ್ಣ ವಿಭಾಗ ಬರುತ್ತದೆ. ಹುಡುಗರು ‘ಪಟಪಟ, ಚಟಚಟ, ದಬದಬ’ ಎಂದು ಮೂರು ಉದಾಹರಣೆ ಬರೆದು ಮುಂದಿನ ಪ್ರಶ್ನೆಗೆ ಹೋಗಿಬಿಡುತ್ತಾರೆ. ಆದರೆ ಆ ಮೂರೂ ಒಂದೇ ಸದ್ದಲ್ಲ ಎಂಬುದನ್ನು ನೀವು ಗಮನಿಸಿದ್ದೀರಾ? ಮಳೆಯ ಹನಿ ತಗಡಿನ ಮೇಲೆ ಪಟಪಟ ಬೀಳುತ್ತದೆಯೇ ಹೊರತು ದಬದಬ ಬೀಳುವುದಿಲ್ಲ. ಒಲೆಯಲ್ಲಿ ಹಸಿ ಸೌದೆ ಚಟಚಟ ಎನ್ನುತ್ತದೆ. ಅರ್ಧರಾತ್ರಿಯಲ್ಲಿ ಬಾಗಿಲನ್ನು ದಬದಬ ಬಡಿದರೆ ಯಾರಿಗೋ ಏನೋ ಆಗಿದೆ ಎಂದು ಮನೆಯವರೆಲ್ಲ ಎದ್ದು ಕೂರುತ್ತಾರೆ. ಬಡಿಯುತ್ತಿರುವ ವಸ್ತು ತೆಳುವೋ ದಪ್ಪವೋ, ಹಗುರವೋ ಭಾರವೋ, ಹೊಡೆತಕ್ಕೂ ಹೊಡೆತಕ್ಕೂ ನಡುವೆ ಎಷ್ಟು ಬಿಡುವು, ಇಷ್ಟನ್ನೂ ನಾಲ್ಕು ಅಕ್ಷರದ ಪದ ಹೇಳಿಬಿಡುತ್ತದೆ.

ಇಂಥ ಸಂಪತ್ತನ್ನು ಇಟ್ಟುಕೊಂಡವರು ನಾವು. ಆದರೂ ಮೋಟಾರು ಗ್ಯಾರೇಜಿನ ಮುಂದೆ ನಿಂತಾಗ ನಮ್ಮ ಬಾಯಿಂದ ಹೊರಡುವುದು ಒಂದೇ ಪದ: ‘ನಾಕಿಂಗ್’. ‘ಇಂಜಿನ್ನಿನಲ್ಲಿ ನಾಕಿಂಗ್ ಇದೆಯಪ್ಪಾ’ ಎಂದು ಮಾಲೀಕರು ಹೇಳುತ್ತಾರೆ. ಮೆಕ್ಯಾನಿಕ್ಕೂ ತಲೆಯಾಡಿಸಿ ಅದನ್ನೇ ಚೀಟಿಯಲ್ಲಿ ಬರೆದುಕೊಳ್ಳುತ್ತಾನೆ. ಸಡಿಲವಾಗಿ ಅಲ್ಲಾಡುವ ತಗಡಿನದೂ ನಾಕಿಂಗ್, ಮುರಿಯಲು ಸಿದ್ಧವಾಗಿರುವ ಕನೆಕ್ಟಿಂಗ್ ರಾಡಿನದೂ ನಾಕಿಂಗ್. ಮೊದಲನೆಯದು ಹತ್ತು ನಿಮಿಷದ ಕೆಲಸ. ಎರಡನೆಯದನ್ನು ಹಾಗೆಯೇ ಓಡಿಸಿದರೆ ರಾಡು ಇಂಜಿನ್ನಿನ ಗೋಡೆಯನ್ನು ಒಡೆದುಕೊಂಡು ಹೊರಗೆ ಬಂದೀತು. ಆಮೇಲೆ ದುರಸ್ತಿಯ ಮಾತೇ ಇಲ್ಲ. ಇನ್ನೊಂದು ಕಡೆ, ಇಲ್ಲದ ರೋಗಕ್ಕೆ ಹೆದರಿ, ನೆಟ್ಟಗಿರುವ ಇಂಜಿನ್ನನ್ನು ಪೂರ್ತಿ ಬಿಚ್ಚಿಸಿ, ಬಿಚ್ಚಿದ ಮೇಲೆ ಮತ್ತೆ ಸರಿಯಾಗಿ ಕೂಡಿಸಲಾಗದೆ ಮೂಲೆಗೆ ತಳ್ಳಿದ ಕಾರುಗಳೂ ಉಂಟು. ಆದ್ದರಿಂದ ಸ್ಪ್ಯಾನರನ್ನು ಕೈಗೆತ್ತಿಕೊಳ್ಳುವ ಮೊದಲು ಸದ್ದನ್ನು ಕೇಳುವುದು ಹೇಗೆ ಎಂಬುದನ್ನು ಒಂದು ಇಂಜಿನ್ನನ್ನು ಮುಂದಿಟ್ಟುಕೊಂಡು ವಿಚಾರಿಸೋಣ. ವ್ಯಾಕರಣ ಹೇಳುವವನಿಗೆ ಇಂಜಿನ್ನಿನ ಗೊಡವೆ ಏಕೆ ಎಂದು ಹುಬ್ಬೇರಿಸಬೇಡಿ. ಲಘು ಯಾವುದು, ಗುರು ಯಾವುದು ಎಂದು ಕಿವಿಯಿಂದ ಆರಿಸುವುದೇ ಎರಡು ಕಡೆಯ ಕೆಲಸವೂ.

ನಾನು ಆರಿಸಿಕೊಂಡಿರುವುದು ಫೋಕ್ಸ್‌ವ್ಯಾಗನ್ ಕಂಪನಿಯ ಹಳೆಯ ಬೀಟಲ್ ಕಾರನ್ನು. ಫರ್ಡಿನಾಂಡ್ ಪೋರ್ಷೆ 1930ರ ದಶಕದಲ್ಲಿ ರೂಪಿಸಿದ ಈ ಗುಂಡುಬೆನ್ನಿನ ಕಾರು ಜರ್ಮನಿಯ ವೋಲ್ಫ್ಸ್‌ಬರ್ಗಿನಲ್ಲಿ ಹುಟ್ಟಿ, ಲೋಕವನ್ನೆಲ್ಲ ಸುತ್ತಿ, ಕಡೆಗೆ 2003ರ ಜುಲೈ 30ರಂದು ಮೆಕ್ಸಿಕೋ ದೇಶದ ಪುಯೆಬ್ಲಾ ಕಾರ್ಖಾನೆಯಲ್ಲಿ ತಯಾರಿಕೆಯನ್ನು ಮುಗಿಸಿತು. ಅಷ್ಟು ಹೊತ್ತಿಗೆ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು. ನಮ್ಮ ದೇಶದಲ್ಲಿ ಅದು ತಯಾರಾಗಲಿಲ್ಲ. ಹೊರಗಿನಿಂದ ಬಂದ ಕೆಲವನ್ನು ಹಳೆಯ ವಾಹನಗಳ ಮೇಲೆ ಮಮತೆಯುಳ್ಳವರು ಇಂದಿಗೂ ಕಾಪಾಡಿಕೊಂಡಿದ್ದಾರೆ. ಬೀಟಲ್ ಎಂದರೆ ಜೀರುಂಡೆ ಎನ್ನೋಣ; ಜೀರುಂಡೆ ಸದ್ದು ಮಾಡದೆ ಇರುವುದುಂಟೆ?

ಇದರ ಇಂಜಿನ್ನು ಕಾರಿನ ಹಿಂಭಾಗದಲ್ಲಿದೆ. ನಾಲ್ಕು ಸಿಲಿಂಡರುಗಳು, ಎರಡೆರಡಾಗಿ ಎದುರುಬದುರು ಮಲಗಿವೆ. ಕಾರಿನ ಮುಖವಿರುವ ದಿಕ್ಕಿಗೇ ನಾವೂ ಮುಖ ಮಾಡಿ ಎಣಿಸಿದರೆ ಬಲಗಡೆ ಮುಂದಿನದು 1, ಅದರ ಹಿಂದಿನದು 2. ಎಡಗಡೆ ಮುಂದಿನದು 3, ಹಿಂದಿನದು 4. ರೇಡಿಯೇಟರಿಲ್ಲ, ನೀರಿಲ್ಲ. ಡೈನಮೋವಿನ ಬೆನ್ನಿಗೆ ಕೂರಿಸಿದ ಫ್ಯಾನು ತಗಡಿನ ಗೂಡಿನೊಳಗಿಂದ ಗಾಳಿಯನ್ನು ಸಿಲಿಂಡರುಗಳ ಮೇಲೆ ನೂಕಿ ತಂಪು ಮಾಡುತ್ತದೆ. ನೀರಿನಿಂದ ತಂಪಾಗುವ ಇಂಜಿನ್ನಿಗೆ ಆ ನೀರೇ ಒಂದು ಕಂಬಳಿ ಹೊದಿಸಿದ ಹಾಗೆ. ಒಳಗಿನ ಸದ್ದು ಹೊರಗೆ ಬರುವಷ್ಟರಲ್ಲಿ ಮೆತ್ತಗಾಗುತ್ತದೆ. ಇಲ್ಲಿ ಆ ಹೊದಿಕೆಯಿಲ್ಲ. ಸಿಲಿಂಡರಿನ ಸುತ್ತ ಇರುವ ತೆಳು ರೆಕ್ಕೆಗಳೇ ತಾಳದ ಹಾಗೆ ಮಿಡಿಯುತ್ತವೆ. ಹೀಗಾಗಿ ಆರೋಗ್ಯವಂತ ಬೀಟಲ್ ಕೂಡ ಗಲಾಟೆಯದೇ. ಈ ಕಾರನ್ನು ಹೊಸದಾಗಿ ಕೊಂಡವರು ಮೊದಲು ಮಾಡಬೇಕಾದ ಕೆಲಸವೆಂದರೆ, ಚೆನ್ನಾಗಿರುವ ಇನ್ನೊಂದು ಬೀಟಲನ್ನು ಹುಡುಕಿ ಅದರ ಪಕ್ಕದಲ್ಲಿ ಐದು ನಿಮಿಷ ಸುಮ್ಮನೆ ನಿಂತು ಕೇಳುವುದು. ಸರಿಯಾದ ಪಾಠ ಗೊತ್ತಿಲ್ಲದವನಿಗೆ ಅಪಪಾಠ ತಿಳಿಯುವುದಿಲ್ಲ.

ಈಗ ಸದ್ದಿಗೆ ಬರೋಣ. ಅದನ್ನು ಕೇಳಿದ ಕೂಡಲೆ ‘ಎಲ್ಲಿಂದ?’ ಎಂದು ಬಗ್ಗಿ ಹುಡುಕುವುದು ಸಹಜ. ಆದರೆ ಲೋಹದ ಮೈಯಲ್ಲಿ ಸದ್ದು ಹರಿದಾಡುತ್ತದೆ. ಎಡಗಡೆಯ ಬಡಿತ ಬಲಗಡೆ ಕೇಳಿಸೀತು. ‘ಎಲ್ಲಿ’ಗಿಂತ ‘ಯಾವಾಗ’ ಎಂಬುದು ಹೆಚ್ಚು ನಂಬತಕ್ಕ ಪ್ರಶ್ನೆ. ಬೆಳಗ್ಗೆ ತಣ್ಣಗಿರುವಾಗ ಬಂದು ಬಿಸಿಯಾದಂತೆ ಹೋಗುತ್ತದೆಯೋ, ಬಿಸಿಯಾದ ಮೇಲೆಯೇ ಶುರುವಾಗುತ್ತದೆಯೋ? ಏರು ಹತ್ತುವಾಗಲೋ, ಸಮನೆಲದಲ್ಲಿ ಕಾಲನ್ನು ಸಡಿಲಿಸಿದಾಗಲೋ, ನಿಂತಲ್ಲೇ ತಿರುಗುವಾಗಲೋ? ಕ್ಲಚ್ಚು ತುಳಿದರೆ ಬದಲಾಗುತ್ತದೆಯೇ? ಒಂದು ಚೀಟಿಯಲ್ಲಿ ಇಷ್ಟನ್ನು ಬರೆದಿಟ್ಟುಕೊಂಡರೆ ಅರ್ಧ ಚಿಕಿತ್ಸೆ ಆದಂತೆ.

ಇದರ ಜೊತೆಗೆ ತಾಳ. ಇಂಜಿನ್ನಿನೊಳಗೆ ಎರಡು ಗತಿಗಳಿವೆ. ಕ್ರ್ಯಾಂಕ್‌ಷಾಫ್ಟು ಎರಡು ಸುತ್ತು ತಿರುಗುವಷ್ಟರಲ್ಲಿ ವಾಲ್ವುಗಳನ್ನು ನಡೆಸುವ ಕ್ಯಾಮ್‌ಷಾಫ್ಟು ಒಂದು ಸುತ್ತು ತಿರುಗುತ್ತದೆ. ಇಂಜಿನ್ನು ನಿಂತಲ್ಲಿ ನಿಮಿಷಕ್ಕೆ 840 ಸುತ್ತು ತಿರುಗುತ್ತಿದೆ ಎಂದಿಟ್ಟುಕೊಳ್ಳಿ. ಕ್ರ್ಯಾಂಕಿಗೆ ಸಂಬಂಧಿಸಿದ ಬಡಿತ ಸೆಕೆಂಡಿಗೆ 14 ಸಲ ಬರುತ್ತದೆ, ಒಂದು ವಾಲ್ವಿನ ಬಡಿತ 7 ಸಲ. ಹದಿನಾಲ್ಕನ್ನು ಎಣಿಸುವ ಕಿವಿ ಯಾರಿಗೂ ಇಲ್ಲ. ಆದರೆ ದ್ರುತಗತಿಗೂ ಅದರ ಅರ್ಧದ ಗತಿಗೂ ಇರುವ ಭೇದವನ್ನು ಭಜನೆಯಲ್ಲಿ ತಾಳ ಹಾಕಿದವರು ಯಾರಾದರೂ ತಿಳಿದಾರು. ಗ್ಯಾರೇಜಿನಲ್ಲಿ ಟೈಮಿಂಗ್ ಲೈಟ್ ಎಂಬ ದೀಪವಿದ್ದರೆ ಇನ್ನೂ ಸುಲಭ. ಅದನ್ನು ಒಂದನೆಯ ಪ್ಲಗ್ಗಿನ ತಂತಿಗೆ ಸಿಕ್ಕಿಸಿದರೆ ಕ್ರ್ಯಾಂಕಿನ ಎರಡು ಸುತ್ತಿಗೆ ಒಂದು ಸಲ ಮಿಂಚುತ್ತದೆ. ಮಿಂಚಿಗೊಂದು ಬಡಿತವಾದರೆ ಅರ್ಧಗತಿ; ಮಿಂಚಿಗೆ ಎರಡು ಬಡಿತವಾದರೆ ಪೂರ್ಣಗತಿ. ಪೂರ್ಣಗತಿಯೆಂದರೆ ಎಚ್ಚರವಾಗಿರಬೇಕು.

ಒಳಗಿನದನ್ನು ಶಂಕಿಸುವ ಮೊದಲು ಹೊರಗಿನದನ್ನು ತೆಗೆದುಹಾಕಿಬಿಡಿ. ಫ್ಯಾನ್ ಬೆಲ್ಟನ್ನು ಕಳಚಿ ಇಂಜಿನ್ನನ್ನು ಸ್ವಲ್ಪ ಹೊತ್ತು ಚಾಲೂ ಮಾಡಿ. ಗಾಳಿ ನಿಂತುಹೋಗಿರುವುದರಿಂದ ಒಂದು ನಿಮಿಷವನ್ನು ಮೀರಲೇಕೂಡದು. ಸದ್ದು ಮಾಯವಾಯಿತೆ? ಹಾಗಾದರೆ ಡೈನಮೋವಿನ ಬೇರಿಂಗು, ಫ್ಯಾನಿನ ನಟ್ಟು, ಗೂಡಿಗೆ ತಗಲುವ ಫ್ಯಾನಿನ ಅಂಚು, ಇವುಗಳಲ್ಲೊಂದು. ಇಂಜಿನ್ನಿಗೆ ನಮಸ್ಕಾರ ಹೇಳಿ ಡೈನಮೋವಿನ ಕಡೆ ತಿರುಗಬಹುದು. ಬೆಲ್ಟನ್ನು ಮತ್ತೆ ಹಾಕುವಾಗ ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು 15 ಮಿಲಿಮೀಟರು ಬಾಗುವಷ್ಟು ಬಿಗಿ ಸಾಕು. ಕ್ರ್ಯಾಂಕಿನ ತುದಿಯ ಪುಲ್ಲಿಯ ಬೋಲ್ಟು ಸಡಿಲವಾದರೂ ಘೋರವಾದ ಬಡಿತ ಬರುವುದುಂಟು. ಬಿಗಿಮಾಡುವುದಕ್ಕೆ ಎರಡು ನಿಮಿಷ. ತಗಡುಗಳ ತಿರುಪುಗಳು ಉದುರಿಹೋಗಿದ್ದರೆ ಲೊಟಲೊಟ ಎನ್ನುತ್ತವೆ. ಕೈಯಿಂದ ಒತ್ತಿ ಹಿಡಿದರೆ ಸದ್ದು ನಿಲ್ಲುತ್ತದೆ.

ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವುದು ಟಿಕ್‌ಟಿಕ್, ಟಿಕ್‌ಟಿಕ್ ಎಂಬ ತೆಳುವಾದ, ಅರ್ಧಗತಿಯ ಸದ್ದು. ಹೊಲಿಗೆ ಯಂತ್ರದ ನೆನಪು ತರುತ್ತದೆ. ಇದು ವಾಲ್ವಿನದು, ಗ್ಯಾರೇಜಿನ ಮಾತಿನಲ್ಲಿ ‘ಟ್ಯಾಪೆಟ್’. ವಾಲ್ವಿಗೂ ಅದನ್ನು ತಳ್ಳುವ ಸನ್ನೆಗೂ ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಬಹುಪಾಲು ಮಾದರಿಗಳಿಗೆ ಅದು 0.15 ಮಿಲಿಮೀಟರು, ಹಳೆಯ ಕೆಲವಕ್ಕೆ ಇನ್ನೂ ಕಡಿಮೆ, ಆಯಾ ಕಾರಿನ ಪುಸ್ತಕವನ್ನು ನೋಡಿಕೊಳ್ಳತಕ್ಕದ್ದು. ಇಂಜಿನ್ನು ರಾತ್ರಿಯೆಲ್ಲ ಆರಿ ಪೂರ್ತಿ ತಣ್ಣಗಿರುವಾಗಲೇ ಅಳೆಯಬೇಕು. ಬೀಟಲಿನಲ್ಲಿ ಇದು ಬಹಳ ಸುಲಭ: ವಾಲ್ವುಗಳ ಮುಚ್ಚಳವನ್ನು ಹಿಡಿದಿರುವುದು ಒಂದು ತಂತಿಯ ಕಮಾನು ಮಾತ್ರ, ಸ್ಕ್ರೂಡ್ರೈವರಿನಿಂದ ಮೀಟಿದರೆ ಮುಚ್ಚಳ ಕೈಗೆ ಬರುತ್ತದೆ. ಫೀಲರ್ ಗೇಜಿನ ಎಲೆಯನ್ನು ಸಂದಿನಲ್ಲಿ ಎಳೆದು ನೋಡಿ ತಿರುಪನ್ನು ಸರಿಮಾಡಿದರೆ ಆಯಿತು. 5,000 ಕಿಲೋಮೀಟರಿಗೊಮ್ಮೆ ಮಾಡಬೇಕಾದ ಕೆಲಸ.

ಇಲ್ಲೊಂದು ಮಾತನ್ನು ಒತ್ತಿ ಹೇಳಬೇಕು. ಟಿಕ್‌ಟಿಕ್ ಎಂಬ ವಾಲ್ವಿಗೆ ಹೆದರಬೇಡಿ. ಸದ್ದೇ ಮಾಡದ ವಾಲ್ವಿಗೆ ಹೆದರಿ. ಸಂದು ಹೆಚ್ಚಾದರೆ ಕಿವಿಗೆ ಕಿರಿಕಿರಿ, ಅಷ್ಟೆ. ಸಂದು ಇಲ್ಲವಾದರೆ ವಾಲ್ವು ತನ್ನ ಪೀಠದ ಮೇಲೆ ಪೂರ್ತಿ ಕೂರುವುದಿಲ್ಲ. ಮೈಯ ಬಿಸಿಯನ್ನು ಪೀಠಕ್ಕೆ ಕೊಡಲಾರದೆ ಸುಟ್ಟುಹೋಗುತ್ತದೆ. ‘ಸದ್ದಡಗಿಸಿಕೊಡಿ’ ಎಂದು ಮಾಲೀಕರು ಪೀಡಿಸಿದ್ದರಿಂದ ಮೆಕ್ಯಾನಿಕ್ಕು ತಿರುಪನ್ನು ಬಿಗಿಮಾಡಿ ಕಳಿಸುವುದು, ಆರು ತಿಂಗಳಿಗೆ ವಾಲ್ವು ಸುಡುವುದು, ಇದು ಊರೂರಿನ ಕಥೆ. ಅದರಲ್ಲೂ ಮೂರನೆಯ ಸಿಲಿಂಡರನ್ನು ಕಣ್ಣಿಟ್ಟು ನೋಡಬೇಕು. ಹಳೆಯ ಮಾದರಿಗಳಲ್ಲಿ ಎಣ್ಣೆಯನ್ನು ತಂಪು ಮಾಡುವ ಕೂಲರು ಫ್ಯಾನಿನ ಗೂಡಿನೊಳಗೇ, ಮೂರನೆಯ ಸಿಲಿಂಡರಿಗೆ ಹೋಗುವ ಗಾಳಿಗೆ ಅಡ್ಡವಾಗಿ ನಿಂತಿದೆ. ಕಂಪನಿಯವರೇ 1971ರ ಮಾದರಿಯಿಂದ ಅದನ್ನು ಗೂಡಿನ ಹೊರಕ್ಕೆ ಸರಿಸಿದರು. ಹಳೆಯ ಇಂಜಿನ್ನಿನಲ್ಲಿ ಮೂರನೆಯದರ ಎಕ್ಸಾಸ್ಟ್ ವಾಲ್ವಿನ ಸಂದು ಪ್ರತಿ ಸಲವೂ ಕಿರಿದಾಗುತ್ತ ಬರುತ್ತಿದ್ದರೆ ವಾಲ್ವು ಕಾದು ಹಿಗ್ಗುತ್ತಿದೆ ಎಂದು ಅರ್ಥ. ಒಂದು ದಿನ ಅದರ ತಲೆ ಕಳಚಿ ಪಿಸ್ಟನ್ನಿನ ಮೇಲೆ ಬಿದ್ದೀತು. ಅಳೆದದ್ದನ್ನು ಪ್ರತಿ ಸಲವೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುವವರಿಗೆ ಮಾತ್ರ ಇದು ಮುಂಚೆಯೇ ತಿಳಿಯುತ್ತದೆ.

ವಾಲ್ವಿನ ಸದ್ದೆಂದು ಮೋಸಗೊಳಿಸುವ ಇನ್ನೊಂದು, ಸೈಲೆನ್ಸರಿನ ಕೊಳವೆ ಸಿಲಿಂಡರಿಗೆ ಕೂಡುವಲ್ಲಿ ಆಗುವ ಸೋರಿಕೆ. ಅದೂ ಅರ್ಧಗತಿಯೇ. ಆದರೆ ಅದರ ದನಿಯಲ್ಲಿ ಲೋಹಕ್ಕಿಂತ ಗಾಳಿ ಹೆಚ್ಚು. ಚಟ್‌ಚಟ್ ಎನ್ನುವುದರ ಬೆನ್ನಿಗೇ ಒಂದು ಉಸಿರು ಕೇಳುತ್ತದೆ. ತಣ್ಣಗಿರುವಾಗ, ಭಾರ ಎಳೆಯುವಾಗ ಜೋರು. ರಬ್ಬರಿನ ಕೊಳವೆಯ ಒಂದು ತುದಿಯನ್ನು ಕಿವಿಗೆ ಹಿಡಿದು ಇನ್ನೊಂದನ್ನು ಕೀಲುಗಳ ಹತ್ತಿರ ಆಡಿಸಿದರೆ ಸೋರುವ ಜಾಗ ಸಿಕ್ಕಿಬೀಳುತ್ತದೆ. ಪಿಸ್ಟನ್ನಿನ ಟಪಟಪವನ್ನೂ ಇಲ್ಲೇ ಹೇಳಿಬಿಡುತ್ತೇನೆ: ಬೆಳಗಿನ ತಂಪಿನಲ್ಲಿ ಮರದ ಮೇಲೆ ತಟ್ಟಿದಂತೆ ಕೇಳಿ, ಐದಾರು ನಿಮಿಷಕ್ಕೆ ಮಾಯವಾಗುತ್ತದೆ. ಮುದುಕರ ಮಂಡಿಯ ಹಾಗೆ. ಮದ್ದು ಬೇಕಿಲ್ಲ.

ಮುಂದಿನದು ಏರಿನಲ್ಲಿ ಬರುವ ಗಲಗಲ. ಡಬ್ಬಿಯಲ್ಲಿ ಹುರಿಗಡಲೆ ಹಾಕಿ ಕುಲುಕಿದಂತೆ ಸದ್ದು. ಕಾಲು ಸಡಿಲಿಸಿದ ಕೂಡಲೆ ನಿಂತುಹೋಗುತ್ತದೆ. ಇಂಗ್ಲಿಷಿನವರು ನಾಕಿಂಗ್ ಎಂದು ಮುಖ್ಯವಾಗಿ ಕರೆಯುವುದು ಇದನ್ನೇ, ಆದರೆ ಇದರಲ್ಲಿ ಯಾವ ಬಿಡಿಭಾಗವೂ ಸಡಿಲವಾಗಿರುವುದಿಲ್ಲ. ಸಿಲಿಂಡರಿನೊಳಗೆ ಪೆಟ್ರೋಲಿನ ಆವಿ ಕ್ರಮವಾಗಿ ಉರಿಯುತ್ತ ಹೋಗುವ ಬದಲು ಉಳಿದ ಪಾಲು ಒಮ್ಮೆಲೇ ಸಿಡಿದು ಗೋಡೆಗೆ ಅಪ್ಪಳಿಸುವ ಸದ್ದು ಅದು. ಕಿಡಿ ಹಾರುವ ಕಾಲ ಬಹಳ ಮುಂದಾಗಿದ್ದರೆ, ಒಳಗೆ ಮಸಿ ಕಟ್ಟಿದ್ದರೆ, ಗಾಳಿಯ ದಾರಿ ಮುಚ್ಚಿ ತಲೆ ಕಾದಿದ್ದರೆ, ಪೆಟ್ರೋಲಿನ ಪಾಲು ಗಾಳಿಗಿಂತ ತೀರ ಕಡಿಮೆಯಾಗಿದ್ದರೆ ಹೀಗಾಗುತ್ತದೆ. ಈ ಕಡೆಯ ಕಾರಣ ನಮ್ಮಲ್ಲಿ ಈಚೆಗೆ ಮುಖ್ಯವಾಗಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆಯುವ ಮಟ್ಟ ಬಂದಿತು. ಎಥನಾಲ್ ತಾನಾಗಿ ಈ ಸಿಡಿತವನ್ನು ತಡೆಯುವಂಥದೇ. ಆದರೆ ಅದು ಉರಿಯುವುದಕ್ಕೆ ಪೆಟ್ರೋಲಿಗಿಂತ ಕಡಿಮೆ ಗಾಳಿ ಸಾಕು. ಹಳೆಯ ಪೆಟ್ರೋಲಿಗೆಂದು ಅಳತೆ ಮಾಡಿದ ಕಾರ್ಬುರೇಟರಿನ ಜೆಟ್ಟು ಈ ಲೆಕ್ಕವನ್ನು ಅರಿಯದು. ಮಿಶ್ರಣ ತೆಳುವಾಗಿ ಇಂಜಿನ್ನು ಕಾಯುತ್ತದೆ. ಜೆಟ್ಟನ್ನು ತುಸು ದೊಡ್ಡದು ಮಾಡಿಸಿ, ಕಿಡಿಯ ಕಾಲವನ್ನು ಪುಸ್ತಕದ ಅಳತೆಗೆ ತರಿಸಬೇಕು. ಹಳೆಯ ರಬ್ಬರು ಪೈಪುಗಳನ್ನು ಎಥನಾಲ್ ತಿನ್ನುತ್ತದೆ ಎಂಬುದನ್ನೂ ಮರೆಯಬಾರದು. ಬಿಸಿ ಇಂಜಿನ್ನಿನ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಬಡಿತದ ಚಿಂತೆ ಸಣ್ಣದಾಗಿ ಕಂಡೀತು. ಅಲ್ಲಿಯವರೆಗೆ ಏರಿನಲ್ಲಿ ಕೆಳಗಿನ ಗೇರಿಗೆ ಇಳಿಸಿ ಹತ್ತಿ. ಮೇಲಿನ ಗೇರಿನಲ್ಲೇ ಮುಲುಕಿಸುತ್ತ ಹತ್ತಿಸಿದರೆ ಪಿಸ್ಟನ್ನಿನ ತಲೆಗೆ ತೂತು ಬಿದ್ದದ್ದೂ ಉಂಟು.

ಈಗ ನಿಜವಾಗಿ ಹೆದರಬೇಕಾದ ಸದ್ದಿಗೆ ಬಂದೆವು. ಟಕ್, ಟಕ್, ಟಕ್ ಎಂದು ಗಟ್ಟಿ ಬಾಗಿಲನ್ನು ಬೆರಳ ಗಿಣ್ಣಿನಿಂದ ತಟ್ಟಿದಂತೆ, ಬಿಸಿಯಾದಷ್ಟೂ ಹೆಚ್ಚಾಗುವ ಬಡಿತ. ಪೆಡಲು ತುಳಿದು ವೇಗವೇರಿಸಿ, ಬಳಿಕ ಕಾಲನ್ನು ತುಸು ಸಡಿಲಿಸಿದ ಕ್ಷಣದಲ್ಲಿ ಸ್ಪಷ್ಟವಾಗಿ ಕೇಳುತ್ತದೆ. ಪಿಸ್ಟನ್ನನ್ನು ಕ್ರ್ಯಾಂಕಿಗೆ ಕೂಡಿಸುವ ಕನೆಕ್ಟಿಂಗ್ ರಾಡಿನ ಬುಡದ ಬೇರಿಂಗು ಸವೆದಿದೆ. ಮೆಕ್ಯಾನಿಕ್ಕುಗಳು ‘ಬಿಗ್ ಎಂಡ್’ ಎನ್ನುವುದು ಇದನ್ನೇ. ಪರೀಕ್ಷೆ ಹೀಗೆ: ಇಂಜಿನ್ನನ್ನು ನಿಲ್ಲಿಸಿ, ಒಂದು ಪ್ಲಗ್ಗಿನ ತಂತಿಯನ್ನು ತೆಗೆದು, ಅದರ ತುದಿಯನ್ನು ಇಂಜಿನ್ನಿನ ಲೋಹಕ್ಕೆ ತಾಗುವಂತೆ ಕಟ್ಟಿ, ಮತ್ತೆ ಚಾಲೂ ಮಾಡಿ. ಚಾಲೂ ಇರುವಾಗ ಬರಿಗೈಯಲ್ಲಿ ತಂತಿಯನ್ನು ಎಳೆಯಬೇಡಿ, ಹೊಡೆತ ಜೋರಾಗಿರುತ್ತದೆ. ಹೀಗೆ ನಾಲ್ಕನ್ನೂ ಒಂದೊಂದಾಗಿ ನೋಡಿ. ಯಾವ ಸಿಲಿಂಡರಿನ ಕಿಡಿಯನ್ನು ತಡೆದಾಗ ಬಡಿತ ಕುಗ್ಗುತ್ತದೆಯೋ ಆ ರಾಡಿನದೇ ದೋಷ, ಏಕೆಂದರೆ ಅದನ್ನು ಕೆಳಕ್ಕೆ ಅಪ್ಪಳಿಸುತ್ತಿದ್ದ ಒತ್ತಡ ಈಗ ಇಲ್ಲ. ವಾಲ್ವಿನ ಸದ್ದಾದರೆ ಕಿಡಿ ಇದ್ದರೂ ಇಲ್ಲದಿದ್ದರೂ ಒಂದೇ.

ಇನ್ನೊಂದು ಸಾಕ್ಷಿ ಎಣ್ಣೆ. ಈ ಇಂಜಿನ್ನು ಹಿಡಿಯುವುದೇ ಎರಡೂವರೆ ಲೀಟರು. ನುಣುಪು ಮಾಡುವುದರ ಜೊತೆಗೆ ತಂಪು ಮಾಡುವ ಹೊರೆಯೂ ಅದರ ಮೇಲಿದೆ. ಫಿಲ್ಟರಿಲ್ಲ, ತಳದಲ್ಲಿ ತಂತಿಯ ಜಾಲರಿಯೊಂದು ಮಾತ್ರ. ಆರು ನಟ್ಟು ಬಿಚ್ಚಿ ಜಾಲರಿಯನ್ನು ತೆಗೆದು, ಎಣ್ಣೆಯನ್ನು ಬಿಳಿ ಬಟ್ಟೆಯ ಮೇಲೆ ಸೋಸಿ ಬಿಸಿಲಿಗೆ ಹಿಡಿಯಿರಿ. ಬೂದು ಬಣ್ಣದ ಅಥವಾ ತಾಮ್ರದ ಬಣ್ಣದ ಚೂರುಗಳು ಮಿನುಗಿದರೆ ಅದು ಬೇರಿಂಗಿನ ಮೈ. ಇದರ ಮೇಲೆ, ಬಿಸಿಯಾದಾಗ ಎಣ್ಣೆಯೊತ್ತಡದ ದೀಪವೂ ಮಿಣುಕುತ್ತಿದ್ದರೆ ಕಾರನ್ನು ಅಲ್ಲಿಯೇ ನಿಲ್ಲಿಸಿ. ಮನೆ ಇನ್ನು ಎರಡೇ ಮೈಲಿ ಎಂಬ ಲೆಕ್ಕ ಹಾಕಬೇಡಿ. ಹಗ್ಗ ಕಟ್ಟಿ ಎಳೆಸಿಕೊಂಡು ಹೋಗಿ.

ಕಡೆಯದು ದೊಬ್, ದೊಬ್ ಎಂಬ ಬಡಿತ. ಒರಳಿನಲ್ಲಿ ಒನಕೆ ಬಿದ್ದಂತೆ, ಕಿವಿಗಿಂತ ಅಂಗಾಲಿಗೆ ಮೊದಲು ತಿಳಿಯುವಂಥದು. ಕ್ರ್ಯಾಂಕನ್ನು ಹೊತ್ತ ಮುಖ್ಯ ಬೇರಿಂಗುಗಳ ಸವೆತ, ಅಥವಾ ಕ್ರ್ಯಾಂಕು ಉದ್ದುದ್ದಕ್ಕೆ ಹಿಂದುಮುಂದು ಆಡುವುದು, ಇವು ಸಾಮಾನ್ಯ ಕಾರಣಗಳು. ಬೀಟಲಿನಲ್ಲಿ ಹೀಗೆ ಆಡಲು ಬಿಡುವ ಅವಕಾಶ 0.07ರಿಂದ 0.13 ಮಿಲಿಮೀಟರು ಮಾತ್ರ, 0.15ನ್ನು ಮೀರಿದರೆ ಸವೆದಿದೆ ಎಂದೇ ತೀರ್ಪು. ಇಂಜಿನ್ನನ್ನು ನಿಲ್ಲಿಸಿ, ಹಿಂದಿನ ಪುಲ್ಲಿಯನ್ನು ಎರಡು ಕೈಯಲ್ಲೂ ಹಿಡಿದು ಎಳೆದು ತಳ್ಳಿ ನೋಡಿ. ಆರೋಗ್ಯವಂತ ಇಂಜಿನ್ನಿನಲ್ಲಿ ಆಟ ಕಣ್ಣಿಗೆ ಕಾಣುವುದೇ ಇಲ್ಲ. ‘ಟಕ್’ ಎಂದು ಆಡಿದ್ದು ಕೈಗೆ ತಿಳಿದರೆ ಅಳತೆ ಮೀರಿದೆ. ಈ ಜಾತಿಯ ಬಡಿತ ಕ್ಲಚ್ಚು ತುಳಿದಾಗ ಬದಲಾಗುತ್ತದೆ, ಏಕೆಂದರೆ ಕ್ಲಚ್ಚಿನ ಒತ್ತಡ ಕ್ರ್ಯಾಂಕನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿಯುತ್ತದೆ.

ಹಾಸನದಲ್ಲಿ ನನಗೆ ಪರಿಚಯವಿರುವ ನಿವೃತ್ತ ವೈದ್ಯರೊಬ್ಬರ 1966ರ ಕಾರಿಗೆ ಈ ಬಡಿತ ಬಂದಿತ್ತು. ಅವರು ಪತ್ನಿಯೊಡನೆ ಶಿರಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೋಗಬೇಕೆಂದು ದಿನವನ್ನೂ ಗೊತ್ತುಮಾಡಿಕೊಂಡಿದ್ದರು. ಒಂದು ಗ್ಯಾರೇಜಿನವರು ಇಂಜಿನ್ನಿನ ಹತ್ತಿರ ನಿಂತು ಅರೆಗಳಿಗೆ ಕೇಳಿ, ‘ಟ್ಯಾಪೆಟ್ ಸಾರ್, ಏನೂ ಆಗಲ್ಲ, ಓಡಿಸಿ’ ಎಂದರು. ಇನ್ನೊಂದು ಗ್ಯಾರೇಜಿನವರು, ‘ಬಿಗ್ ಎಂಡ್ ಹೋಗಿದೆ, ಕ್ರ್ಯಾಂಕೇ ತರಿಸಬೇಕು’ ಎಂದು ವೈದ್ಯರ ಐದಾರು ತಿಂಗಳ ಪಿಂಚಣಿಯಷ್ಟು ಮೊತ್ತವನ್ನು ಬರೆದುಕೊಟ್ಟರು. ‘ಮೇಷ್ಟ್ರೇ, ಒಬ್ಬ ನೆಗಡಿ ಅಂತಾನೆ, ಇನ್ನೊಬ್ಬ ಎದೆ ಕುಯ್ಯಬೇಕು ಅಂತಾನೆ, ಇಬ್ಬರೂ ನಾಡಿ ಹಿಡಿದು ನೋಡಲಿಲ್ಲ’ ಎಂದು ವೈದ್ಯರು ಬೇಸರಪಟ್ಟುಕೊಂಡರು.

ಒಂದು ಭಾನುವಾರ ಸಂಜೆ ನಾಡಿ ನೋಡುವ ಕೆಲಸ ನಡೆಯಿತು. ಮೋಟಾರು ಸೈಕಲ್ಲುಗಳನ್ನೇ ಜೀವಮಾನವೆಲ್ಲ ದುರಸ್ತಿ ಮಾಡಿದ ಹಿರಿಯ ಮೆಕ್ಯಾನಿಕ್ಕರೊಬ್ಬರು ಜೊತೆಗಿದ್ದರು. ಗಾಳಿಯಿಂದ ತಂಪಾಗುವ ಇಂಜಿನ್ನಿನ ಮಾತು ಅವರಿಗೆ ಚೆನ್ನಾಗಿ ತಿಳಿದದ್ದು. ಬೆಲ್ಟು ಕಳಚಿದರೂ ಸದ್ದು ಹೋಗಲಿಲ್ಲ. ನಾಲ್ಕು ತಂತಿಗಳನ್ನೂ ಸರದಿಯಲ್ಲಿ ತೆಗೆದು ನೋಡಿದರೂ ಬಡಿತ ಕುಗ್ಗಲಿಲ್ಲ; ಅಲ್ಲಿಗೆ ಬಿಗ್ ಎಂಡಿನ ಮಾತು ಹಿಂದೆ ಸರಿಯಿತು. ಗತಿ ಪೂರ್ಣಗತಿ; ಅಲ್ಲಿಗೆ ಟ್ಯಾಪೆಟ್ಟೂ ಅಲ್ಲ. ಎಣ್ಣೆಯಲ್ಲಿ ಮಿನುಗು ಇರಲಿಲ್ಲ, ದೀಪವೂ ಮಿಣುಕಿರಲಿಲ್ಲ. ವೈದ್ಯರು ಒಳಗೆ ಕುಳಿತು ಕ್ಲಚ್ಚು ತುಳಿದರು: ದೊಬ್ ದೊಬ್ ನಿಂತಿತು. ಬಿಟ್ಟರು: ಮತ್ತೆ ಶುರುವಾಯಿತು. ಪುಲ್ಲಿಯನ್ನು ಹಿಡಿದು ಎಳೆದರೆ ಕಣ್ಣಿಗೇ ಕಾಣುವಷ್ಟು ಆಟ.

ಮುಖ್ಯ ಬೇರಿಂಗು ಎಂದು ಅಲ್ಲಿಯೇ ತೀರ್ಮಾನಿಸಿ ಇಂಜಿನ್ನನ್ನು ಹೋಳು ಮಾಡಬಹುದಾಗಿತ್ತು. ಆದರೆ ಆ ಹಿರಿಯರು, ‘ಮೊದಲು ಇಳಿಸಿ ಫ್ಲೈವೀಲ್ ನೋಡೋಣ’ ಎಂದರು. ಬೀಟಲಿನ ಇಂಜಿನ್ನು ಗೇರುಪೆಟ್ಟಿಗೆಗೆ ಅಂಟಿಕೊಂಡಿರುವುದು ನಾಲ್ಕೇ ಬಿಗಿತಗಳಿಂದ. ಬಲ್ಲವರಿಬ್ಬರು ಸೇರಿದರೆ ಒಂದು ಗಂಟೆಯೊಳಗೆ ಕೆಳಗಿಳಿಸಬಹುದು. ಆ ಭಾರವಾದ ಫ್ಲೈವೀಲನ್ನು ಕ್ರ್ಯಾಂಕಿಗೆ ಹಿಡಿದಿರುವುದು ನಡುವಿನ ಒಂದೇ ಒಂದು ದೊಡ್ಡ ನಟ್ಟು, ಜಾರದಂತೆ ನಾಲ್ಕು ಸಣ್ಣ ಗೂಟಗಳು. ಆ ನಟ್ಟಿಗೆ ಕಂಪನಿ ಹೇಳಿದ ಬಿಗಿ 30 ಕಿಲೋಗ್ರಾಂ-ಮೀಟರು. ಎಂದರೆ ಒಂದು ಮೀಟರು ಉದ್ದದ ಹಿಡಿಕೆಯ ತುದಿಗೆ 30 ಕಿಲೋ ತೂಕ ನೇತುಹಾಕಿದಷ್ಟು. ಹಿಂದೆ ಯಾವಾಗಲೋ ಕ್ಲಚ್ಚಿನ ಕೆಲಸ ಮಾಡಿದವರು ಗಿಡ್ಡ ಹಿಡಿಕೆಯಿಂದ ತಿರುಗಿಸಿ, ಸುತ್ತಿಗೆಯಿಂದ ನಾಲ್ಕು ಏಟು ಕೊಟ್ಟು ಬಿಟ್ಟಿದ್ದರೆಂದು ನಟ್ಟಿನ ಮೂಲೆಗಳ ಗಾಯಗಳೇ ಹೇಳುತ್ತಿದ್ದವು. ನಟ್ಟು ಸಡಿಲವಾಗಿತ್ತು. ಗೂಟದ ರಂಧ್ರಗಳು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದವು. ಫ್ಲೈವೀಲು ಉಜ್ಜಿದ ಕಡೆಯೆಲ್ಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ಆ ಸ್ಥಿತಿಯಲ್ಲಿ ಘಾಟಿಗೆ ಹೋಗಿದ್ದರೆ ಗೂಟಗಳು ಕತ್ತರಿಸಿ, ಫ್ಲೈವೀಲು ತನ್ನ ಪಾಡಿಗೆ ತಿರುಗಿ ಕ್ರ್ಯಾಂಕಿನ ತುದಿಯನ್ನೂ ಹಾಳುಮಾಡುವ ಸಂಭವವಿತ್ತು. ಇಳಿಜಾರಿನ ನಡುವೆ ಇಂಜಿನ್ನಿಗೂ ಚಕ್ರಕ್ಕೂ ಸಂಬಂಧ ತಪ್ಪುವುದೆಂದರೆ ಆ ದಾರಿಯ ಲಾರಿಗಳನ್ನು ಕಂಡವರಿಗೆ ವಿವರಿಸಬೇಕಾಗಿಲ್ಲ. ಬೇರಿಂಗುಗಳೋ, ಅಳೆದು ನೋಡಿದರೆ ಸರಿಯಾಗಿಯೇ ಇದ್ದವು; ಸಡಿಲವಾದ ಫ್ಲೈವೀಲಿನಿಂದಲೇ ಅಷ್ಟು ಆಟ ಬಂದಿತ್ತು. ಲೇತು ಕೆಲಸದವರಲ್ಲಿ ರಂಧ್ರಗಳನ್ನು ದೊಡ್ಡದು ಮಾಡಿಸಿ ದಪ್ಪ ಗೂಟ ಹಾಕಿಸಿ, ಫ್ಲೈವೀಲಿನ ಹಿಂದಿನ ಮೂರು ತೆಳು ಬಿಲ್ಲೆಗಳನ್ನು ಆರಿಸಿ ಆಟವನ್ನು 0.10 ಮಿಲಿಮೀಟರಿಗೆ ತಂದರು. ನಟ್ಟನ್ನು ಬಿಗಿಮಾಡುವ ದಿನ ಉದ್ದ ಹಿಡಿಕೆ, ಅದರ ತುದಿಗೆ ಕಟ್ಟಲು ಅಳೆದು ತಂದ ತೂಕ ಎಲ್ಲವೂ ಸಿದ್ಧವಾಗಿದ್ದವು. ವೈದ್ಯರೇ ಮುಂದೆ ನಿಂತು ಮಾಡಿಸಿದರು. ಎರಡನೆಯ ಗ್ಯಾರೇಜಿನವರು ಬರೆದುಕೊಟ್ಟದ್ದರಲ್ಲಿ ಐದನೆಯ ಒಂದು ಪಾಲೂ ಖರ್ಚಾಗಲಿಲ್ಲ.

ಆ ಕಾರಿನಲ್ಲಿ ಈಗ ಉಳಿದಿರುವುದು ಟಿಕ್‌ಟಿಕ್ ಒಂದೇ. ಅದನ್ನೂ ಅಡಗಿಸಿಕೊಡಬೇಕೆಂದು ವೈದ್ಯರ ಪತ್ನಿ ಕೇಳಿದರು. ಹಿರಿಯ ಮೆಕ್ಯಾನಿಕ್ಕರು, ‘ಬೇಡಿ ತಾಯಿ, ಅದು ಇರಲಿ’ ಎಂದು ಕೈಯೊರಸಿಕೊಂಡರು.